ಬರಿಗಾಲು ಬೇಡ, ಮಾತ್ರೆ ತಪ್ಪಿಸಬೇಡ

ಸೋಮವಾರಪೇಟೆ

ಪ್ರೀತಿಯ ಕಾವೇರಿ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ ಮಾತು ತಲೆಯಲ್ಲೇ ಸುತ್ತುತ್ತಿದೆ. ಹೊಟ್ಟೆಯಲ್ಲಿ ಹುಳು ಇದ್ದವರಿಗೆ ಅಲರ್ಜಿ ಕಾಡುವುದಿಲ್ಲವಂತೆ, ಮಗನಿಗೆ ಶಾಲೆಯಲ್ಲಿ ಕೊಡುವ ಜಂತುಹುಳುವಿನ ಮಾತ್ರೆ ತಪ್ಪಿಸಲೇ, ರಜೆಯಲ್ಲಿ ತೋಟದಲ್ಲಿ ಬರಿಗಾಲಲ್ಲಿ ಬಿಡಲೇ ಎಂದೆಯಲ್ಲ. ಎರಡೂ ಬೇಡ, ಮಗಳೇ.

ನೀನು ಓದಿದ್ದು ಪೂರ್ತಿ ಸುಳ್ಳಲ್ಲ. ಅಲರ್ಜಿಯಲ್ಲಿ ಕೆಲಸ ಮಾಡುವ ಐಜಿಇ ಎಂಬ ಪ್ರತಿಕಾಯವನ್ನು 1966ರಲ್ಲಿ ಜಪಾನಿನ ವಿಜ್ಞಾನಿಗಳಾದ ಇಶಿಝಾಕಾ ದಂಪತಿ ಗುರುತಿಸಿದರು. ಹುಳುಗಳ ವಿರುದ್ಧ ದೇಹ ಕಟ್ಟುವುದೂ ಇದೇ ಪಡೆಯನ್ನೇ. ಐಜಿಇ ಅಂಟಿಕೊಂಡ ಮಾಸ್ಟ್ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಸುರಿಸುತ್ತವೆ. ತುರಿಕೆ, ಸೀನು, ಉಬ್ಬಸಕ್ಕೆ ಅದೂ ಕಾರಣ. ಬಹುಕಾಲ ಒಳಗೇ ನೆಲೆಸುವ ಹುಳು ತನ್ನ ಉಳಿವಿಗಾಗಿ ಈ ಪಡೆಯನ್ನು ಮಂದಗೊಳಿಸುವುದೂ ಉಂಟು. ಹಾಗೆಂದು ಹುಳುವನ್ನು ಔಷಧಿ ಮಾಡಿಕೊಳ್ಳಲಾಗುತ್ತದೆಯೇ? ಬ್ರಿಟನ್ನಿನಲ್ಲಿ ಆಸ್ತಮಾ ರೋಗಿಗಳಿಗೆ ಕೊಕ್ಕೆಹುಳುವಿನ ಮರಿಗಳನ್ನು ಬೇಕೆಂದೇ ಚರ್ಮಕ್ಕೆ ಸೋಕಿಸಿ ನೋಡಿದರು. ಆಸ್ತಮಾ ಹೇಳಿಕೊಳ್ಳುವಷ್ಟು ತಗ್ಗಲಿಲ್ಲ.

ಆರೋಗ್ಯ ಸಹಾಯಕಿಯಾಗಿ ತೋಟದ ಕೂಲಿಯವರ ಲೈನ್‌ಮನೆಗಳಿಗೆ ಹೋಗುತ್ತಿದ್ದಾಗ ಮೊದಲು ಮಕ್ಕಳ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲನೆ ಕೆಳಗೆಳೆದು ನೋಡುತ್ತಿದ್ದೆ. ಒಳಗೆ ಕೆಂಪಗಿರಬೇಕಾದ ಜಾಗ ಎಷ್ಟೋ ಮಕ್ಕಳಲ್ಲಿ ಸುಣ್ಣದ ಗೋಡೆಯಂತೆ ಬಿಳುಚಿರುತ್ತಿತ್ತು. ಒಬ್ಬ ಹುಡುಗಿ ಮಾತಾಡುತ್ತಲೇ ಜಗಲಿಯ ಮಣ್ಣು ಕೆರೆದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಎರಡೂ ಮೈಯಲ್ಲಿ ರಕ್ತ ಕಡಿಮೆಯಾದುದರ ಗುರುತು. ಕೊಕ್ಕೆಹುಳುವಿನ ಮರಿ ಒದ್ದೆ ಮಣ್ಣಿನಿಂದ ಅಂಗಾಲಿನ ಚರ್ಮ ತೂರಿ, ರಕ್ತದ ಜೊತೆ ಶ್ವಾಸಕೋಶಕ್ಕೆ ಹೋಗಿ, ಗಂಟಲಿಗೇರಿ, ನುಂಗಿದಾಗ ಕರುಳು ಸೇರಿ ರಕ್ತ ಹೀರುತ್ತದೆ. ಅಲ್ಲಿ ಯಾರೂ ಸೀನುತ್ತಿರಲಿಲ್ಲ ಎಂದು ಯಾರಾದರೂ ಹೇಳಿದರೆ ಆ ಹುಡುಗಿಯ ಕಣ್ಣು ನೆನಪಾಗಿ ನನಗೆ ತಡೆಯಲಾಗುವುದಿಲ್ಲ.

ಶಾಲೆಯಲ್ಲಿ ಜಂತುಹುಳುವಿನ ಮಾತ್ರೆ ಕೊಡುವ ದಿನಗಳಾದ ಫೆಬ್ರವರಿ 10, ಆಗಸ್ಟ್ 10 ಮರೆಯಬೇಡ. ನಿನ್ನ ಮಗನ ವಯಸ್ಸಿಗೆ ಅಲ್ಬೆಂಡಜೋಲ್ 400 ಮಿಲಿಗ್ರಾಂ, ಚೀಪಿ ಅಗಿದು ನುಂಗಲಿ.

ಇನ್ನು ವಯಸ್ಸಿನ ವಿಷಯ. ದುಂಡುಹುಳು ಹೆಚ್ಚಾಗಿ ಕಾಡುವುದು ಐದರಿಂದ ಹದಿನೈದರ ಮಕ್ಕಳನ್ನು. ಕೊಕ್ಕೆಹುಳು ಹಾಗಲ್ಲ, ದೊಡ್ಡವರಾದರೂ ಬಿಡುವುದಿಲ್ಲ. ಅಲರ್ಜಿಯೂ ಒಂದೇ ಕಡೆ ನಿಲ್ಲುವುದಿಲ್ಲ. ನಿನ್ನ ಮಗನಿಗೆ ಕೈಮಡಿಚಿನಲ್ಲಿ ಇಸಬು ಬಂದಿತ್ತು, ಆಮೇಲೆ ಮೊಟ್ಟೆ ಆಗುತ್ತಿರಲಿಲ್ಲ, ಈಗ ರಾತ್ರಿ ಉಬ್ಬಸ. ಹಾಲು, ಮೊಟ್ಟೆಯ ಅಲರ್ಜಿ ಬಹುತೇಕ ಮಕ್ಕಳಲ್ಲಿ ಬೆಳೆಯುತ್ತಾ ಹೋಗಿಬಿಡುತ್ತದೆ. ಹೋಗಿದೆಯೇ ಎಂದು ಮನೆಯಲ್ಲಿ ತಿನ್ನಿಸಿ ಪರೀಕ್ಷಿಸಬೇಡ, ವೈದ್ಯರ ಮುಂದೆಯೇ ಆಗಲಿ.

ಮುಪ್ಪಿನಲ್ಲಿ ಐಜಿಇ ಸಾಮಾನ್ಯವಾಗಿ ಇಳಿಯುತ್ತದೆ. ಎದೆಯ ಥೈಮಸ್ ಗ್ರಂಥಿ ಹರೆಯದಿಂದಲೇ ಕುಗ್ಗುತ್ತಾ ಬಂದಿರುವುದರಿಂದ ಹೊಸ ರಕ್ಷಣಾ ಕೋಶಗಳೂ ಕಡಿಮೆ. ಆದರೂ ಅರವತ್ತಾದ ಮೇಲೆ ಹೊಸದಾಗಿ ಉಬ್ಬಸ ಬರಬಹುದು. ನಿನ್ನ ಅಜ್ಜನಿಗೆ ಬಂದದ್ದು ಹಾಗೆಯೇ. ವೈದ್ಯರು ಸ್ಟಿರಾಯ್ಡ್ ಮಾತ್ರೆ ಬರೆಯಲು ಹೊರಟಾಗ, ಇವರು ನಲವತ್ತು ವರ್ಷ ಗದ್ದೆಯಲ್ಲಿ ಬರಿಗಾಲಲ್ಲಿ ನಡೆದವರು ಎಂದು ನಾನು ಹೇಳಿದೆ. ರಕ್ತದಲ್ಲಿ ಹುಳುವಿದ್ದಾಗ ಹೆಚ್ಚುವ ಇಯೊಸಿನೊಫಿಲ್ ಎಂಬ ಬಿಳಿರಕ್ತಕಣ ಏರಿತ್ತು, ಮಲ ಪರೀಕ್ಷೆಯಲ್ಲಿ ಸ್ಟ್ರಾಂಜಿಲಾಯ್ಡಿಸ್ ಎಂಬ ಕರುಳಿನ ಹುಳು ಸಿಕ್ಕಿತು. ಈ ಹುಳು ಹೊರಗೆ ಹೋಗದೆ ಒಳಗೇ ಸಂತಾನ ಬೆಳೆಸಿಕೊಂಡು ದಶಕಗಟ್ಟಲೆ ಇರಬಲ್ಲದು. ಸ್ಟಿರಾಯ್ಡ್ ದೇಹದ ಕಾವಲು ಸಡಿಲಿಸಿದರೆ ಮೈಯೆಲ್ಲಾ ಹರಡಿ ಪ್ರಾಣಕ್ಕೇ ಎರವಾಗಬಹುದು. ಮೊದಲು ಆ ಹುಳುವಿಗೆ ಐವರ್‌ಮೆಕ್ಟಿನ್ ಮಾತ್ರೆ ಕೊಟ್ಟರು, ಉಳಿದದ್ದು ಆಮೇಲೆ. ಒಂದೇ ಸಲದ ಮಲ ಪರೀಕ್ಷೆಯಲ್ಲಿ ಅದು ತಪ್ಪಿಹೋಗುವುದೂ ಇದೆ. ನಿನ್ನ ಮಾವನವರೂ ಗದ್ದೆ ಮಾಡಿದವರು. ಅವರಿಗೆ ಯಾರಾದರೂ ಸ್ಟಿರಾಯ್ಡ್ ಮಾತ್ರೆ ಶುರುಮಾಡುವುದಾದರೆ ಈ ಮಾತನ್ನು ವೈದ್ಯರಿಗೆ ಹೇಳಲೇಬೇಕು. ಮಗನ ಇನ್‌ಹೇಲರ್ ಬಗ್ಗೆ ಹೇಳುತ್ತಿಲ್ಲ, ಅದನ್ನು ನಿಲ್ಲಿಸಬೇಡ.

ಮಳೆ ಹಿಡಿಯುವ ಮೊದಲೇ ಬನ್ನಿ. ನಮ್ಮ ಮಳೆಗಾಲದ ಥಂಡಿಗೆ ಬೂಷ್ಟೂ, ಕಣ್ಣಿಗೆ ಕಾಣದ ಮೈಟ್ ಹುಳಗಳೂ ಹಾಸಿಗೆಯಲ್ಲಿ ಹೆಚ್ಚುತ್ತವೆ, ಹುಡುಗನಿಗೆ ಅದೇ ಕಷ್ಟ. ಅಟ್ಟದ ಕಂಬಳಿಗಳನ್ನೆಲ್ಲ ಇವತ್ತು ಕಾಫಿ ಕಣದಲ್ಲಿ ಬಿಸಿಲಿಗೆ ಹರವಿದ್ದೇನೆ. ಅವನ ಕಾಲಿನ ಅಳತೆಯನ್ನು ಒಂದು ಕಾಗದದ ಮೇಲೆ ಬರೆಸಿ ಕಳಿಸು, ತೋಟಕ್ಕೆ ಗಂಬೂಟು ತಂದಿಡುತ್ತೇನೆ.

ನಿನ್ನ ಅಜ್ಜಿ