ಮಗಳಿಗೊಂದು ಪತ್ರ: ಮೊದಲು ಹೊರಟ ನರಗಳು

ಚಿರಂಜೀವಿ ಮಗಳಿಗೆ ಅಮ್ಮನ ಆಶೀರ್ವಾದಗಳು.

ಹಬ್ಬಕ್ಕೆಂದು ನೀನು ಬಂದಿದ್ದಾಗ, ಊಟದ ಪಂಕ್ತಿಯಲ್ಲಿ ನಿನ್ನ ಚಿಕ್ಕಪ್ಪ, "ನೊಣ ನೋಡುವುದಕ್ಕೆ ಇಷ್ಟೊಂದು ಓದಬೇಕೇನಮ್ಮ?" ಎಂದು ಕೇಳಿದರು. ಅವರ ಮಾತಿನಲ್ಲಿ ಕೊಂಕಿರಲಿಲ್ಲ. ನೀನು ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದೆ. ಇಪ್ಪತ್ತಾರು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದ ನಾನು ಸಾರಿನ ಸೌಟು ಹಿಡಿದು ನಿಂತಿದ್ದೆನೇ ಹೊರತು ನಿನ್ನ ಪರವಾಗಿ ಒಂದು ಮಾತನ್ನೂ ಆಡಲಿಲ್ಲ. ಆಡುವುದಕ್ಕೆ ನನಗೆ ತಿಳಿದೂ ಇರಲಿಲ್ಲ. ನೀನು ಹೋದ ಮೇಲೆ ಅದು ಮನಸ್ಸನ್ನು ಕೊರೆಯತೊಡಗಿತು. ನೊಣ ವಾಸನೆ ಹಿಡಿಯುವ ಬಗೆಯನ್ನು ಕುರಿತು ನೀನು ಮೇಜಿನ ಮೇಲೆ ಬಿಟ್ಟುಹೋಗಿದ್ದ ಲೇಖನಗಳನ್ನು ಒಂದೊಂದಾಗಿ ಓದಿದೆ. ಅರ್ಥವಾಗದ ಕಡೆ ಪೆನ್ಸಿಲ್ ಗುರುತು ಹಾಕಿ ಮರುದಿನ ಮತ್ತೆ ಓದಿದೆ. ಅಂದು ಪಂಕ್ತಿಯಲ್ಲಿ ಹೇಳಬೇಕಾಗಿದ್ದುದನ್ನು ಈಗ ಬರೆಯುತ್ತಿದ್ದೇನೆ.

ಉಗ್ರಾಣದಲ್ಲಿ ತೂಗುಹಾಕಿದ್ದ ಪುಟ್ಟಬಾಳೆಯ ಗೊನೆ ಹಣ್ಣಾಗಿ ಆ ಚಿಕ್ಕ ನೊಣಗಳು ಮುತ್ತಿಕೊಂಡಿದ್ದವು. ಮಾವಿನಕಾಯಿಯನ್ನು ಚುಚ್ಚಿ ಮೊಟ್ಟೆಯಿಟ್ಟು ರೈತರ ಫಸಲನ್ನು ಹಾಳುಮಾಡುವ ನೊಣ ಬೇರೆ, ಕಳಿತ ಹಣ್ಣಿಗೆ ಮುತ್ತುವ, ನೀನು ಪ್ರಯೋಗಕ್ಕೆಂದು ಸಾಕುವ ಈ ಡ್ರೊಸೊಫಿಲಾ ಬೇರೆ ಎಂಬುದೇ ನನಗೆ ಇದುವರೆಗೆ ಸರಿಯಾಗಿ ಗೊತ್ತಿರಲಿಲ್ಲ. ಗಾಜಿನ ಲೋಟದಲ್ಲಿ ಕಳಿತ ಹಣ್ಣಿನ ಚೂರನ್ನಿಟ್ಟು, ಬಾಯಿಗೆ ಕಾಗದದ ಆಲಿಕೆ ಸಿಕ್ಕಿಸಿಟ್ಟೆ. ಬೆಳಗಾಗುವಷ್ಟರಲ್ಲಿ ಹತ್ತು ಹನ್ನೆರಡು ನೊಣಗಳು ಒಳಗಿದ್ದವು. ಕಿಟಕಿಯ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ನೋಡಿದೆ. ಮೈಯುದ್ದ ಎರಡೂವರೆ ಮಿಲಿಮೀಟರ್ ಇದ್ದೀತು. ಕೆಂಪು ಕಣ್ಣುಗಳ ನಡುವೆ ರಾಗಿಕಾಳಿನ ಚೂರಿನಂಥ ಎರಡು ಉಬ್ಬುಗಳು. ಅವೇ ಅದರ ಕುಡಿಮೀಸೆಗಳು. ಅದರ ಮುಖ್ಯ ಮೂಗೂ ಅವೇ. ಒಂದೊಂದರಲ್ಲಿಯೂ ವಾಸನೆ ಹಿಡಿಯುವ ನರಕೋಶಗಳು ಸುಮಾರು 1,200 ಇವೆಯಂತೆ. ಹಣ್ಣಿನ ಚೂರನ್ನು ಕಡ್ಡಿಯಿಂದ ಸ್ವಲ್ಪ ಸರಿಸಿದೆ. ಒಂದು ನೊಣ ನಿಂತಲ್ಲೇ ತಿರುಗಿ, ತಡವರಿಸದೆ ಅದರತ್ತ ನಡೆದುಬಂತು.

ಆ 1,200 ನರಕೋಶಗಳ ವ್ಯವಸ್ಥೆ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಬಹುಪಾಲು ನರಕೋಶಗಳು ಒಂದೊಂದು ಬಗೆಯ ಗ್ರಾಹಕವನ್ನು, ಅಂದರೆ ವಾಸನೆಯ ಅಣುವನ್ನು ಹಿಡಿದುಕೊಳ್ಳುವ ಪ್ರೋಟೀನನ್ನು, ಮಾತ್ರ ಹೊತ್ತಿರುತ್ತವೆ. ಒಂದೇ ಬಗೆಯ ಗ್ರಾಹಕವುಳ್ಳವು ಕುಡಿಮೀಸೆಯಲ್ಲಿ ಚದುರಿಕೊಂಡಿದ್ದರೂ ಅವುಗಳ ತಂತುಗಳೆಲ್ಲ ಮಿದುಳಿಗೆ ಹೋಗಿ ಒಂದೇ ಜಾಗದಲ್ಲಿ ಸೇರಿ ನೂಲಿನ ಉಂಡೆಯಂತೆ ಸುತ್ತಿಕೊಳ್ಳುತ್ತವೆ. ಗ್ಲೊಮೆರುಲಸ್ ಎಂದು ನೀವು ಕರೆಯುವ ಇಂಥ ಉಂಡೆಗಳು ಸುಮಾರು ಐವತ್ತು. ಎಲ್ಲ ನೊಣಗಳಲ್ಲಿಯೂ ಅದೇ ಉಂಡೆ, ಅದೇ ಜಾಗದಲ್ಲಿ. ಸಂತೆಯಿಂದ ಹೊರಟ ಸಾವಿರದಿನ್ನೂರು ಜನ ಯಾರನ್ನೂ ಕೇಳದೆ, ಕತ್ತಲಲ್ಲಿ ನಡೆದು, ಐವತ್ತು ಮನೆಗಳಲ್ಲಿ ತಮ್ಮ ತಮ್ಮ ಮನೆಯನ್ನೇ ಹೊಕ್ಕಂತೆ ಇದು. ಅವುಗಳಿಗೆ ದಾರಿ ಹೇಳಿದವರು ಯಾರು?

ಈ ಪ್ರಶ್ನೆಯ ಹಿಂದೆ ತಮ್ಮ ಬದುಕಿನ ಬಹುಭಾಗವನ್ನು ಕಳೆದ ವೆರೋನಿಕಾ ರೋಡ್ರಿಗ್ಸ್ ಅವರ ಬಗ್ಗೆ ನೀನು ಹೆಚ್ಚು ಹೇಳಿರಲಿಲ್ಲ. ಗೋವಾ ಮೂಲದ ಕುಟುಂಬದ ಮಗಳಾಗಿ 1953ರಲ್ಲಿ ಕೀನ್ಯಾದಲ್ಲಿ ಹುಟ್ಟಿ, ಉಗಾಂಡದ ಮಕೆರೆರೆ ವಿಶ್ವವಿದ್ಯಾಲಯದಲ್ಲಿ ಓದಲು ತೊಡಗಿ, ಅಲ್ಲಿಂದ ಡಬ್ಲಿನ್‌ನ ಟ್ರಿನಿಟಿ ಕಾಲೇಜಿಗೆ ಹೋದವರು ಅವರು. ಅಲ್ಲಿದ್ದಾಗ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಒಬೈದ್ ಸಿದ್ದೀಕಿಯವರ ಪ್ರಬಂಧವೊಂದನ್ನು ಓದಿ, ನಿಮ್ಮಲ್ಲಿ ಸಂಶೋಧನೆ ಮಾಡಬೇಕೆಂದಿದ್ದೇನೆ ಎಂದು ಪತ್ರ ಬರೆದರು, ಬಂದೂ ಬಿಟ್ಟರು. ಆಗ ಅವರಿಗೆ ನಿನಗಿಂತ ಒಂದೆರಡು ವರ್ಷ ಹೆಚ್ಚಿದ್ದಿರಬೇಕು ಅಷ್ಟೆ. ಈ ಭಾಗವನ್ನು ನಾನು ಎರಡು ಸಲ ಓದಿದೆ.

ಅವರು ಮೊದಲು ಮಾಡಿದ ಪ್ರಯೋಗ ನನ್ನ ಹತ್ತನೆಯ ತರಗತಿಯ ಮಕ್ಕಳಿಗೂ ತಿಳಿಯುವಂಥದು. ಇಂಗ್ಲಿಷಿನ ವೈ ಅಕ್ಷರದ ಆಕಾರದ ಕೊಳವೆ; ಒಂದು ಕವಲಿನಲ್ಲಿ ವಾಸನೆಯುಳ್ಳ ಗಾಳಿ, ಇನ್ನೊಂದರಲ್ಲಿ ಬರಿಯ ಗಾಳಿ. ಯಾವ ಕವಲಿಗೆ ಎಷ್ಟು ನೊಣಗಳು ಹೋದವು ಎಂದು ಎಣಿಸಬೇಕು. ವಾಸನೆಯನ್ನು ಗುರುತಿಸಲಾಗದ ನೊಣಗಳನ್ನು ಹೀಗೆ ಬೇರ್ಪಡಿಸಿ, ಆ ಕೊರತೆ ಯಾವ ಜೀನ್‌ನಲ್ಲಿದೆ ಎಂದು ಹುಡುಕಿದರು. 1978ರಲ್ಲಿ ಗುರುಶಿಷ್ಯರ ಹೆಸರಿನಲ್ಲಿ ಆ ಪ್ರಬಂಧ ಬಂತು. ನೊಣಗಳ ವಾಸನೆಯ ಗ್ರಾಹಕಗಳ ಜೀನ್‌ಗಳು ಸಿಕ್ಕಿದ್ದು 1999ರಲ್ಲಿ ಎಂಬುದನ್ನು ನೆನೆದರೆ, ಆ ಎಣಿಕೆಯ ಹಿಂದಿದ್ದ ಧೈರ್ಯ ಎಂಥದೆಂದು ತಿಳಿಯುತ್ತದೆ. ಮುಂದೆ ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ, ದುಡಿಯುತ್ತಿರುವ ನರಗಳು ಹೆಚ್ಚು ಸಕ್ಕರೆ ಹೀರುತ್ತವೆ ಎಂಬುದನ್ನೇ ಹಿಡಿದು, ವಿಕಿರಣ ಸೂಸುವ ಸಕ್ಕರೆಯ ಅಣುವನ್ನು ಉಪಯೋಗಿಸಿ, ಬೇರೆ ಬೇರೆ ವಾಸನೆಗೆ ಬೇರೆ ಬೇರೆ ಉಂಡೆಗಳು ಎಚ್ಚೆತ್ತುಕೊಳ್ಳುವುದನ್ನು ತೋರಿಸಿದರು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಆಮೇಲಿನ ಕೆಲಸ. ನೊಣವು ಕೋಶಾವಸ್ಥೆಯಲ್ಲಿರುವಾಗ, ಅಂದರೆ ಗೂಡಿನೊಳಗೆ ಹುಳು ನೊಣವಾಗಿ ಮಾರ್ಪಡುವಾಗ, ಅದರ ಕುಡಿಮೀಸೆ ರೂಪುಗೊಳ್ಳುತ್ತದೆ, ನರತಂತುಗಳು ಮಿದುಳಿನ ಕಡೆ ಹೊರಡುತ್ತವೆ. ಆಗಿನ್ನೂ ಅವುಗಳಲ್ಲಿ ವಾಸನೆಯ ಗ್ರಾಹಕಗಳು ತಲೆದೋರಿರುವುದಿಲ್ಲ. ಅಂದರೆ ಒಂದು ವಾಸನೆಯೂ ತಿಳಿಯುವ ಮೊದಲೇ ಜೋಡಣೆ ನಡೆದುಹೋಗುತ್ತದೆ. ಎಲ್ಲ ತಂತುಗಳೂ ಒಟ್ಟಿಗೆ ಹೊರಡುವುದಿಲ್ಲ. ಅಟೋನಲ್ ಎಂಬ ಜೀನ್‌ನ ಆಣತಿಯಂತೆ ಹುಟ್ಟುವ ನರಕೋಶಗಳ ತಂತುಗಳು ಮುಂದಾಗಿ ಹೊರಟು, ಉಂಡೆಗಳು ಕಟ್ಟಿಕೊಳ್ಳುವುದಕ್ಕೆ ದಾರಿ ಮಾಡಿಕೊಡುತ್ತವೆ ಎಂದು ರೋಡ್ರಿಗ್ಸ್ ಮತ್ತು ಅವರ ವಿದ್ಯಾರ್ಥಿನಿ 2002ರಲ್ಲಿ ಪ್ರಕಟಿಸಿದರು. ಆ ಒಂದು ಜೀನ್ ಕೆಟ್ಟರೆ ಮೊದಲು ಹೋಗಬೇಕಾದವು ಇಲ್ಲವಾಗುತ್ತವೆ. ಆಗ ಹಿಂದಿನಿಂದ ಬರುವ ನರಗಳು ಕೆಟ್ಟಿರದಿದ್ದರೂ ಮಿದುಳಿನ ಆ ಭಾಗದಲ್ಲಿ ಉಂಡೆಗಳು ಸರಿಯಾಗಿ ರೂಪುಗೊಳ್ಳುವುದಿಲ್ಲ. ದಾರಿಯಲ್ಲಿ ತಂತುಗಳನ್ನು ಸುತ್ತಿಕೊಳ್ಳುವ ಗ್ಲಿಯಾ ಎಂಬ ಸಂಗಾತಿ ಕೋಶಗಳಲ್ಲಿ ಹಲವು ಇದೇ ಕುಲದಿಂದ ಬರುತ್ತವಂತೆ. ಇದನ್ನು ಓದಿ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಹಿತ್ತಲಲ್ಲಿ ಓಡಾಡಿದೆ.

ಅಂದು ಸಂಜೆಯೇ ವರ್ಷದ ಮೊದಲ ಮಳೆ ಬಿತ್ತು. ನೆನೆದ ಮಣ್ಣಿನ ಆ ಪರಿಮಳದಲ್ಲಿ ಮುಖ್ಯವಾಗಿರುವುದು ಮಣ್ಣಿನ ಬ್ಯಾಕ್ಟೀರಿಯಾಗಳು ಮಾಡುವ ಜಿಯೊಸ್ಮಿನ್ ಎಂಬುದು ನನಗೆ ಗೊತ್ತಿತ್ತು; ನಿನ್ನ ನೊಣ ಅದರಿಂದ ದೂರ ಓಡುತ್ತದೆ ಎಂಬುದು ಗೊತ್ತಿರಲಿಲ್ಲ. ಹಣ್ಣಿನ ಮೇಲೆ ಅದಕ್ಕೆ ಕೇಡಾಗುವ ಬೂಷ್ಟು, ಬ್ಯಾಕ್ಟೀರಿಯಾಗಳು ಬೆಳೆದಿವೆಯೆಂಬ ಸುಳಿವು ಆ ವಾಸನೆ. ಅದಕ್ಕೆಂದೇ ಒಂದು ಬಗೆಯ ಗ್ರಾಹಕ, ಒಂದೇ ಒಂದು ಉಂಡೆ ಮೀಸಲಾಗಿದೆ. ಅದು ಎಚ್ಚೆತ್ತರೆ ಹಣ್ಣು ಎಷ್ಟೇ ಕಳಿತಿರಲಿ, ನೊಣ ಅಲ್ಲಿ ಮೊಟ್ಟೆಯಿಡಲು ಹಿಂಜರಿಯುತ್ತದೆ ಎಂದು 2012ರ ಅಧ್ಯಯನ ಹೇಳುತ್ತದೆ. ನಾನು ಜಗುಲಿಯಲ್ಲಿ ನಿಂತು ಎದೆತುಂಬ ಎಳೆದುಕೊಂಡ ಗಾಳಿಯೇ ಅದಕ್ಕೆ ಅಪಾಯದ ಸೂಚನೆ.

ಆದರೆ ಹುಟ್ಟಿನಿಂದ ಬಂದ ಈ ಜೋಡಣೆ ಕಲ್ಲಿನಲ್ಲಿ ಕೊರೆದದ್ದೇನೂ ಅಲ್ಲ. ನೊಣಗಳನ್ನು ನಾಲ್ಕು ದಿನ ಒಂದೇ ವಾಸನೆಯಲ್ಲಿ ಇಟ್ಟರೆ, ಆ ವಾಸನೆಯ ಸಂಕೇತವನ್ನು ತಡೆಹಿಡಿಯುವ ನರಕೋಶಗಳ ಪ್ರಭಾವ ಬಲಗೊಂಡು, ಸಂಬಂಧಪಟ್ಟ ಉಂಡೆ ಗಾತ್ರದಲ್ಲಿಯೂ ಹಿಗ್ಗಿ, ನೊಣ ಆ ವಾಸನೆಗೆ ಒಗ್ಗಿಹೋಗುತ್ತದೆ. ಕೆಲವು ದಿನ ದೂರವಿಟ್ಟರೆ ಮತ್ತೆ ಮೊದಲಿನಂತಾಗುತ್ತದೆ. 2011ರಲ್ಲಿ ಬಂದ ಈ ಪ್ರಬಂಧದ ಲೇಖಕರಲ್ಲಿ ರೋಡ್ರಿಗ್ಸ್ ಅವರ ಹೆಸರಿದೆ. ಸ್ತನದ ಕ್ಯಾನ್ಸರಿನಿಂದ ಅವರು ತೀರಿಕೊಂಡದ್ದು 2010ರ ನವೆಂಬರ್ 10ರಂದು. ಕೊನೆಯ ವರ್ಷಗಳಲ್ಲಿ ಅವರು ಇದ್ದದ್ದು ಬೆಂಗಳೂರಿನಲ್ಲಿಯೇ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ. ಅದನ್ನು ಕಟ್ಟಿದವರು ಅದೇ ಸಿದ್ದೀಕಿಯವರು. ಬಳ್ಳಾರಿ ರಸ್ತೆಯಲ್ಲಿ ನಾವು ಎಷ್ಟು ಸಲ ಬಸ್ಸಿನಲ್ಲಿ ಅದರ ಸಮೀಪ ಹಾದುಹೋಗಿದ್ದೇವೆ, ಹೇಳು.

2024ರಲ್ಲಿ ಒಂದು ಹೆಣ್ಣು ನೊಣದ ಇಡೀ ಮಿದುಳಿನ ನಕ್ಷೆ ಸಿದ್ಧವಾಯಿತು. 1,39,255 ನರಕೋಶಗಳು, ಅವುಗಳ ನಡುವೆ ಸುದ್ದಿ ದಾಟಿಸುವ ಐದು ಕೋಟಿಗೂ ಮೀರಿದ ಸಂಧಿಗಳು. ಗಸಗಸೆ ಕಾಳಿಗಿಂತ ಚಿಕ್ಕದಾದ ಮಿದುಳಿನೊಳಗೆ ಇಷ್ಟಿದೆ ಎಂದು ನಿನ್ನ ಚಿಕ್ಕಪ್ಪನವರಿಗೆ ಮೊನ್ನೆ ಹೇಳಿದೆ. ಅವರು ಲೋಟವನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ, "ಮುಂದೆ ಹೋಗುವ ನರಗಳು ಉಳಿದವಕ್ಕೆ ದಾರಿ ಮಾಡುತ್ತವೆ ಎಂದೆಯಲ್ಲ, ಅವಕ್ಕೆ ದಾರಿ ತೋರಿಸುವವರು ಯಾರು?" ಎಂದು ಕೇಳಿದರು. ಮಿದುಳಿನ ಕಡೆಯ ನರಕೋಶಗಳು ಮೊದಲೇ ಒಂದಿಷ್ಟು ಜಾಗ ಗೊತ್ತುಮಾಡಿ ಇಟ್ಟಿರುತ್ತವೆ ಎಂದು ಓದಿದ್ದಷ್ಟನ್ನು ಹೇಳಿದೆ. ಅವರಿಗೆ ಅದು ಸಾಲಲಿಲ್ಲ, ನನಗೂ ಸಾಲಲಿಲ್ಲ. ಮುಂದಿನ ಸಲ ಬಂದಾಗ ನೀನೇ ಕುಳಿತು ನಮ್ಮಿಬ್ಬರಿಗೂ ವಿವರಿಸಬೇಕು. ಭೂತಗನ್ನಡಿಯನ್ನು ಶಾಲೆಗೆ ಹಿಂದಿರುಗಿಸದೆ ಇಟ್ಟುಕೊಂಡಿದ್ದೇನೆ.

ನಿನ್ನ
ಅಮ್ಮ