ಟೂಲ್ ಹೋಲ್ಡರ್ ತಯಾರಿಕೆ ಐಟಿಐ ಅಭ್ಯಾಸವಾಗಲಿ

ಸಂಪಾದಕರಿಗೆ,

ಮಾನ್ಯರೇ,

ಮನೆಯ ಹಿತ್ತಲಿನಲ್ಲೋ ಗ್ಯಾರೇಜಿನಲ್ಲೋ ಸಣ್ಣದೊಂದು ಲೇತ್ (ಲೋಹದ ತುಂಡನ್ನು ತಿರುಗಿಸುತ್ತ ಕತ್ತರಿಸುವ ಯಂತ್ರ) ಇಟ್ಟುಕೊಂಡು ಪಂಪಿನ ಬುಷ್, ಗೇಟಿನ ಪಿನ್ನುಗಳಂಥ ಚಿಕ್ಕಪುಟ್ಟ ಕೆಲಸ ಮಾಡುವ ನನ್ನಂಥ ನಿವೃತ್ತ ಟರ್ನರ್‌ಗಳೂ ಹವ್ಯಾಸಿಗಳೂ ನಮ್ಮ ಊರುಗಳಲ್ಲಿ ಇದ್ದೇವೆ. ಲೋಹ ಕತ್ತರಿಸಲು ಹಿಡಿಯುವುದಕ್ಕಿಂತ ಹೆಚ್ಚು ಹೊತ್ತು ನಮಗೆ ಟೂಲ್ (ಲೋಹ ಕತ್ತರಿಸುವ ಅಲಗು) ಬದಲಿಸಿ ಅದರ ಎತ್ತರ ಹೊಂದಿಸಲು ಹಿಡಿಯುತ್ತದೆ. ಈ ತೊಂದರೆ ನೀಗಿಸುವ, ಟೂಲನ್ನು ಹಿಡಿದುಕೊಂಡು ಥಟ್ಟನೆ ಹಾಕಿ ತೆಗೆಯಬಹುದಾದ ಕ್ವಿಕ್ ಚೇಂಜ್ ಟೂಲ್ ಹೋಲ್ಡರ್‌ಗಳನ್ನು ನಾವೇ ಮಾಡಿಕೊಳ್ಳುವ ಬಗೆಯನ್ನೂ, ಆ ಕೆಲಸ ನಮ್ಮ ಐಟಿಐಗಳ ಅಭ್ಯಾಸಗಳಲ್ಲಿ ಸೇರಬೇಕೆಂಬ ನನ್ನ ಕೋರಿಕೆಯನ್ನೂ ತಮ್ಮ ಪತ್ರಿಕೆಯ ಮೂಲಕ ಓದುಗರ ಮುಂದಿಡಬಯಸುತ್ತೇನೆ.

ಹಳೆಯ ಚೌಕ ಟೂಲ್ ಪೋಸ್ಟಿನಲ್ಲಿ (ಲೇತ್‌ನಲ್ಲಿ ಟೂಲ್ ಬಿಗಿಯುವ ಭಾಗ) ಟೂಲಿನ ತುದಿ ಸೆಂಟರ್ ಎತ್ತರಕ್ಕೆ, ಅಂದರೆ ತುಂಡು ತಿರುಗುವ ನಡುಗೆರೆಯ ಮಟ್ಟಕ್ಕೆ, ಬರಬೇಕಾದರೆ ಕೆಳಗೆ ಪ್ಯಾಕಿಂಗ್ ಕೊಡಬೇಕು. ಇದಕ್ಕೆಂದೇ ಮುರಿದಿಟ್ಟ ಹ್ಯಾಕ್ಸಾ ಬ್ಲೇಡಿನ ತುಂಡುಗಳು ನನ್ನ ಡಬ್ಬಿಯಲ್ಲಿ ಈಗಲೂ ಇವೆ. ತುದಿ ಮೇಲಾದರೆ ಟೂಲಿನ ಮುಂಬದಿ ಕೆಲಸದ ತುಂಡಿಗೆ ಉಜ್ಜುತ್ತದೆ. ಕೆಳಗಾದರೆ ಫೇಸಿಂಗ್ (ತುಂಡಿನ ಕೊನೆಯ ಮುಖ ಸಮ ಮಾಡುವುದು) ಮಾಡಿದಾಗ ನಡುವೆ ಮೊಳಕೆಯಂಥ ಚೂರು ಉಳಿಯುತ್ತದೆ, ತುಂಡು ಕತ್ತರಿಸಿ ಬೇರ್ಪಡಿಸುವ ಪಾರ್ಟಿಂಗ್ ಟೂಲಂತೂ ಕಚ್ಚಿಕೊಂಡು ಮುರಿದೇ ಹೋಗಬಹುದು. ಡವ್‌ಟೇಲ್ (ಪಾರಿವಾಳದ ಬಾಲದಂತೆ ಓರೆ ಬದಿಗಳ ಜಾರು ಜೋಡಣೆ) ಇರುವ ಪೋಸ್ಟಿನಲ್ಲಾದರೆ ಪ್ರತಿ ಟೂಲಿಗೂ ತನ್ನದೇ ಹೋಲ್ಡರ್ ಇರುತ್ತದೆ. ಅದರ ಮೇಲಿನ ಗೀರುತಲೆಯ ನಟ್ಟನ್ನು ಒಮ್ಮೆ ಹೊಂದಿಸಿ ಲಾಕ್ ನಟ್ ಬಿಗಿದರೆ, ಮುಂದೆ ಎಷ್ಟು ಸಲ ತೆಗೆದು ಹಾಕಿದರೂ ಎತ್ತರ ತಪ್ಪುವುದಿಲ್ಲ. ಆದರೆ ಪೋಸ್ಟಿನ ಜೊತೆ ಬರುವ ನಾಲ್ಕೈದು ಹೋಲ್ಡರ್‌ಗಳು ಯಾವ ಮೂಲೆಗೂ ಸಾಲವು. ಟರ್ನಿಂಗ್, ಫೇಸಿಂಗ್, ಬೋರಿಂಗ್, ಪಾರ್ಟಿಂಗ್, ಒಳ ಹೊರ ಥ್ರೆಡಿಂಗ್ ಎಂದು ಲೆಕ್ಕ ಹಾಕಿದರೆ ಹನ್ನೆರಡಾದರೂ ಬೇಕು.

ಇವನ್ನು ಮಾಡುವುದರಲ್ಲಿ ಕಷ್ಟವಿರುವುದು ಡವ್‌ಟೇಲಿನಲ್ಲಿ ಮಾತ್ರ. 9ರಿಂದ 12 ಇಂಚು ಸ್ವಿಂಗ್ (ತಿರುಗಿಸಬಹುದಾದ ತುಂಡಿನ ಗರಿಷ್ಠ ವ್ಯಾಸ) ಇರುವ ಲೇತ್‌ಗಳಿಗೆ ಬರುವ ಎಎಕ್ಸ್‌ಎ ಅಳತೆಯ ಪೋಸ್ಟುಗಳಲ್ಲಿ ಈ ಕೋನ 60 ಡಿಗ್ರಿ. ಒಂದೊಂದು ಹೋಲ್ಡರನ್ನೂ ಬೇರೆ ಬೇರೆಯಾಗಿ ಮಾಡಹೊರಟರೆ ಒಂದರಂತೆ ಇನ್ನೊಂದು ಬರುವುದಿಲ್ಲ. ಅದಕ್ಕಾಗಿ 300 ಮಿ.ಮೀ. ಉದ್ದದ ಒಂದೇ ಪಟ್ಟಿಯ ಉದ್ದಕ್ಕೂ ಡವ್‌ಟೇಲ್ ತೆಗೆದು, ಆಮೇಲೆ ಅದನ್ನು ಸುಮಾರು 40 ಮಿ.ಮೀ. ಎತ್ತರದ ಆರು ತುಂಡುಗಳಾಗಿ ಕೊಯ್ದು, ಟೂಲ್ ಕೂರುವ ತೋಡನ್ನು ಅಡ್ಡಲಾಗಿ ಮಿಲ್ಲಿಂಗ್ (ತಿರುಗುವ ಕಟರಿನಿಂದ ಕೊರೆಯುವುದು) ಮಾಡುವುದು ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಒಳ್ಳೆಯ ದಾರಿ. ಒಂದು ಎಚ್ಚರಿಕೆ: ತಣ್ಣಗೆ ಎಳೆದು ಮಾಡಿದ, ಹೊಳೆಯುವ ಬ್ರೈಟ್ ಬಾರ್ ನೋಡಲು ಚೆನ್ನಾಗಿದ್ದರೂ, ಒಂದು ಬದಿಯಿಂದ ಇಷ್ಟು ಲೋಹ ತೆಗೆದಾಗ ಒಳಗಿನ ಬಿಗುವು ಸಡಿಲಗೊಂಡು ಬಿಲ್ಲಿನಂತೆ ಬಾಗುತ್ತದೆ. ಕಪ್ಪು ಹಾಟ್ ರೋಲ್ಡ್ (ಕಾಯಿಸಿ ಉರುಳಿಸಿದ) ಇಎನ್ 8 ಎಂಬ ಮಧ್ಯಮ ಇಂಗಾಲದ ಉಕ್ಕಿನ ಪಟ್ಟಿ ಈ ಕೆಲಸಕ್ಕೆ ಮೇಲು. ಅದನ್ನು ಹಾರ್ಡನಿಂಗ್ ಮಾಡಬೇಕಾಗಿಯೂ ಇಲ್ಲ.

ಮೊದಲು ಎಂಡ್ ಮಿಲ್ ಎಂಬ ನೇರ ಕಟರಿನಿಂದ ನೇರ ತೋಡು ತೆಗೆದುಕೊಂಡು, ಬಳಿಕವಷ್ಟೇ ಡವ್‌ಟೇಲ್ ಕಟರ್ ಇಳಿಸಬೇಕು. ಆ ಕಟರಿನ ಚೂಪು ಮೂಲೆಗಳು ಬಲು ಸೂಕ್ಷ್ಮವಾದ್ದರಿಂದ ಒಂದು ಸಲಕ್ಕೆ ಕಾಲು ಮಿಲಿಮೀಟರಿಗಿಂತ ಹೆಚ್ಚು ಕೊಡಬಾರದು. ಮಿಲ್ಲಿಂಗ್ ಯಂತ್ರವಿಲ್ಲದವರು ಲೇತ್‌ನ ಅಡ್ಡ ಸರಿಯುವ ಕ್ರಾಸ್ ಸ್ಲೈಡಿನ ಮೇಲೆ, ತುಂಡನ್ನು ಮೇಲೆ ಕೆಳಗೆ ಸರಿಸುವ ವರ್ಟಿಕಲ್ ಸ್ಲೈಡ್ ಕೂರಿಸಿ, ಕಟರನ್ನು ಸ್ಪಿಂಡಲಿನಲ್ಲಿ ಹಿಡಿದು ಲೇತ್‌ನಲ್ಲೇ ಈ ಕೆಲಸ ಮಾಡಬಹುದು. ಆದರೆ ಆಗ ಪಟ್ಟಿ ಚಿಕ್ಕದಿರಬೇಕು, ತಾಳ್ಮೆ ದೊಡ್ಡದಿರಬೇಕು. ಅಳತೆಗೆ ವರ್ನಿಯರಿನ ದವಡೆಯನ್ನು ಚೂಪು ಮೂಲೆಗೆ ತಾಗಿಸಿ ನೋಡಿದರೆ ಮೋಸ ಹೋಗುತ್ತೇವೆ. ಎರಡೂ ಮೂಲೆಗಳಲ್ಲಿ 6 ಮಿ.ಮೀ. ವ್ಯಾಸದ ಡಾವೆಲ್ ಪಿನ್ (ನಿಖರ ಅಳತೆಯ ಉಕ್ಕಿನ ಕಡ್ಡಿ) ಇಟ್ಟು ಅವುಗಳ ನಡುವಿನ ಅಂತರ ಅಳೆದು, ಅದಕ್ಕೆ ಪಿನ್ನಿನ ವ್ಯಾಸದ 2.732 ಪಟ್ಟು, ಅಂದರೆ 16.39 ಮಿ.ಮೀ. ಕೂಡಿಸಿದರೆ ತಳದ ನಿಜವಾದ ಅಗಲ ಸಿಗುತ್ತದೆ. ತ್ರಿಕೋನಮಿತಿ ಯಾವುದಕ್ಕೆ ಉಪಯೋಗವೆಂದು ಕೇಳುವ ಹುಡುಗರಿಗೆ ಇದಕ್ಕಿಂತ ನೇರವಾದ ಉತ್ತರವನ್ನು ನಾನು ಕಂಡಿಲ್ಲ.

ನನ್ನ ಕೋರಿಕೆ ಹುಟ್ಟಿದ್ದೂ ಇಲ್ಲಿಂದಲೇ. ನಾನು ಟರ್ನರ್ ಕೆಲಸ ಕಲಿಯುವಾಗ ದಿನವಿಡೀ ಶ್ರಮಿಸಿ ತಯಾರಿಸಿದ ಸ್ಟೆಪ್ ಟರ್ನಿಂಗ್, ಟೇಪರ್ ತುಂಡುಗಳು ಅಂಕ ಬಿದ್ದ ಮರುದಿನವೇ ಗುಜರಿ ಡಬ್ಬ ಸೇರುತ್ತಿದ್ದವು. ಒಂದು ಟೂಲ್ ಹೋಲ್ಡರಿನಲ್ಲಿ ಮಿಲ್ಲಿಂಗ್, ಡ್ರಿಲ್ಲಿಂಗ್, ಟ್ಯಾಪಿಂಗ್, ನರ್ಲಿಂಗ್, ಪಿನ್ ಇಟ್ಟು ಅಳೆಯುವುದು ಎಲ್ಲವೂ ಇವೆ. ಅದು ಸರಿಯಾಗಿದೆಯೋ ಇಲ್ಲವೋ ಎಂಬುದನ್ನು ಪೋಸ್ಟಿನ ಮೇಲೆ ಜಾರಿಸಿ ನೋಡಿದ ಕ್ಷಣದಲ್ಲಿ ವಿದ್ಯಾರ್ಥಿಗೆ ತಾನೇ ತಿಳಿಯುತ್ತದೆ. ರಾಜ್ಯದ 150 ಸರ್ಕಾರಿ ಐಟಿಐಗಳು ಹೊಸ ಯಂತ್ರಗಳೊಂದಿಗೆ ಮೇಲ್ದರ್ಜೆಗೇರಿರುವುದು ಸಂತೋಷದ ವಿಷಯ. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರದಲ್ಲಿ ಇಂಥ ಹೋಲ್ಡರ್ ಬೇಗ ಆಗಬಹುದು, ಆದರೂ ಮೊದಲನೆಯದನ್ನು ಮಕ್ಕಳು ಹ್ಯಾಂಡಲ್ ತಿರುಗಿಸಿಯೇ ಮಾಡಲಿ.

ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆಯು ಟರ್ನರ್ ಹಾಗೂ ಮಷಿನಿಸ್ಟ್ ವಿಭಾಗಗಳ ಎರಡನೇ ವರ್ಷದ ವಿದ್ಯಾರ್ಥಿಗಳಿಗೆ ತಲಾ ಎರಡು ಹೋಲ್ಡರ್ ಮಾಡಲು ಉಕ್ಕು ಒದಗಿಸಬೇಕು; ಒಂದನ್ನು ಸಂಸ್ಥೆಯ ಲೇತ್‌ಗೆ ಉಳಿಸಿಕೊಂಡು, ಇನ್ನೊಂದನ್ನು ಮಾಡಿದವರ ಕೈಗೇ ಕೊಟ್ಟು ಕಳುಹಿಸಬೇಕು ಎಂದು ವಿನಂತಿಸುತ್ತೇನೆ.

ಇಂತಿ,
ಒಬ್ಬ ನಿವೃತ್ತ ಟರ್ನರ್, ತುಮಕೂರು