ಗೆಳೆಯನಿಗೊಂದು ಪತ್ರ: ಬೋಟ್ ಕೀ ದಡದಿಂದ

ಲೋ ಗುಂಡ,

ನೀನು ಕೇಳಿದ್ದು ಒಂದೇ ಸಾಲು, ಸಿಂಗಪುರಕ್ಕೆ ಬಂದ್ರೆ ಎಲ್ಲಿ ಕುಡಿಯೋದು ಅಂತ. ಒಂದು ವಾಯ್ಸ್ ನೋಟಲ್ಲಿ ಮುಗಿಸಬಹುದಿತ್ತು. ಎರಡು ಸಲ ರೆಕಾರ್ಡ್ ಮಾಡಿ ಡಿಲೀಟ್ ಮಾಡ್ದೆ, ಹೇಳ್ತಾ ಹೇಳ್ತಾ ಬೇರೇನೋ ಬಾಯಿಗೆ ಬರ್ತಿತ್ತು, ಅದಕ್ಕೇ ಬರೀತಿದೀನಿ, ಎಲ್ಲರೂ ಓದೋ ಕಡೇನೇ ಹಾಕ್ತಿದೀನಿ. ಚಪ್ಪಲಿ ವಿಷ್ಯ ಎತ್ತಲ್ಲ, ಹೆದರಬೇಡ.

ಮೊದಲು ನೀನು ಕೇಳಿದ್ದು. ಎಕ್ಸ್‌ಪ್ಯಾಟ್‌ಗಳು, ಅಂದ್ರೆ ಹೊರದೇಶದಿಂದ ಬಂದು ಆಫೀಸ್ ಕೆಲಸದಲ್ಲಿರೋರು, ಸೇರೋ ಜಾಗ ಇಲ್ಲಿ ಬೇಕಾದಷ್ಟಿವೆ. ಹಾಲೆಂಡ್ ವಿಲೇಜ್ ಇದೆ, ಕ್ಲಬ್ ಸ್ಟ್ರೀಟ್ ಇದೆ, ಮಕ್ಕಳು ನಾಯಿ ಎಲ್ಲಾ ಕಟ್ಕೊಂಡು ಹೋಗೋರಿಗೆ ರಾಬರ್ಟ್‌ಸನ್ ಕೀ (ಕೀ ಅಂದ್ರೆ ದೋಣಿ ನಿಲ್ಲೋ ಕಟ್ಟೆ). ನಂಗೆ ಇಷ್ಟ ಬೋಟ್ ಕೀ. ನದಿಗೆ ಅಂಟ್ಕೊಂಡು ಹಳೇ ಅಂಗಡಿ ಮನೆಗಳ ಸಾಲು, ಬೆನ್ನಿಗೇ ಬ್ಯಾಂಕುಗಳ ದೊಡ್ಡ ದೊಡ್ಡ ಕಟ್ಟಡ, ಸಂಜೆ ಆರಾದ್ರೆ ಸಾಕು ಅಲ್ಲಿಂದ ಜನ ಇಳಿದು ಬರೋದು ನೋಡ್ಬೇಕು. 1992ರಲ್ಲಿ ಅಲ್ಲಿ ಹ್ಯಾರೀಸ್ ಅಂತ ಒಂದು ಬಾರ್ ಶುರುವಾಯ್ತು. ಲಂಡನ್ನಿನ ಬೇರಿಂಗ್ಸ್ ಬ್ಯಾಂಕ್ ಮುಳುಗಿಸಿದ ಟ್ರೇಡರ್ ನಿಕ್ ಲೀಸನ್ ಇದ್ನಲ್ಲ, ಅವನು ಕುಡೀತಿದ್ದ ಜಾಗ. 1762ರಲ್ಲಿ ಹುಟ್ಟಿದ ಬ್ಯಾಂಕು, ಇಲ್ಲಿ ಕೂತ ಒಬ್ಬ ಹುಡುಗ 82.7 ಕೋಟಿ ಪೌಂಡ್ ಕಳೆದ, 1995ರಲ್ಲಿ ಬಾಗಿಲು ಹಾಕ್ತು. ಅವನ ನೆನಪಿಗೆ ಬ್ಯಾಂಕ್ ಬ್ರೇಕರ್ ಅಂತ ಒಂದು ಕಾಕ್‌ಟೇಲೇ ಮಾಡಿದಾರೆ. ರೇಟು ಕಡಿಮೆ ಇರೋ ಹ್ಯಾಪಿ ಅವರ್ ಒಳಗೇ ಹೋಗ್ಬೇಕು ಮಗಾ, ಮೆನುಲಿ ಬೆಲೆ ಪಕ್ಕ ಎರಡು ಪ್ಲಸ್ ಗುರುತು ಇರತ್ತೆ, ಅಂದ್ರೆ ಸರ್ವಿಸ್ ಚಾರ್ಜ್ 10 ಪರ್ಸೆಂಟು, ಮೇಲೆ ಜಿಎಸ್‌ಟಿ 9.

ಎತ್ತಿನ ಬೆನ್ನ ಮೇಲೆ ಕೈಯಿಟ್ಟು ತೆಗೆಸ್ಕೊಂಡ ಫೋಟೋ ಕಳ್ಸಿದ್ನಲ್ಲ, ಅದು ಅಲ್ಲಿಂದ ನಾಲ್ಕು ಹೆಜ್ಜೆ. ಕಂಚಿನ ಎತ್ತು, ಕಂಚಿನ ಗಾಡಿ, ಮೂಟೆ ಹೇರ್ತಿರೋ ಕಂಚಿನ ಕೂಲಿಗಳು. ಈಗ ಪಬ್ ಆಗಿರೋ ಮನೆಗಳೆಲ್ಲಾ ಆಗ ಗೋಡೌನು. ದೋಣಿಯಿಂದ ಅಕ್ಕಿ ಮೂಟೆ ಹೊತ್ತು ಹಲಗೆ ಮೇಲೆ ನಡ್ಕೊಂಡು ಬರ್ತಿದ್ರಂತೆ. ಶುರುವಿನ ಕಾಲದಲ್ಲಿ ಆ ದೋಣಿ ನಡೆಸ್ತಿದ್ದೋರಲ್ಲಿ ತೆಂಕಣ ಭಾರತದಿಂದ ಬಂದ ಚೂಲಿಯಾ ಜನ ಬಹಳ, ಅವರ ಹೆಸರಿನ ರಸ್ತೆ ಈಗ್ಲೂ ಅಲ್ಲೇ ಇದೆ. ನದಿ ಗಬ್ಬೆದ್ದು ಹೋಗಿತ್ತು, 1977ರಿಂದ ಹತ್ತು ವರ್ಷ ಕ್ಲೀನ್ ಮಾಡಿದ್ರು, 1983ರಲ್ಲಿ ದೋಣಿಗಳನ್ನೆಲ್ಲಾ ಪಾಸಿರ್ ಪಂಜಾಂಗ್‌ಗೆ ಕಳ್ಸಿದ್ರು. ಆಮೇಲೆ ಬಂದಿದ್ದು ಈ ಬಾರ್‌ಗಳು, ನಾವು.

ಈಗ ಹೇಳ್ಬೇಕಾಗಿದ್ದು. ಮೂರು ವಾರದ ಹಿಂದೆ ಶುಕ್ರವಾರ ರಾತ್ರಿ ನಿನ್ನ ಜೊತೆ ಫೋನಲ್ಲಿದ್ದೆ, ಮಧ್ಯದಲ್ಲಿ ಕಟ್ ಆಯ್ತಲ್ಲ. ನೆಟ್‌ವರ್ಕ್ ಅಂದೆ. ನೆಟ್‌ವರ್ಕ್ ಅಲ್ಲ, ನಾನೇ ಕಟ್ ಮಾಡ್ದೆ.

ಆಫೀಸಿನೋರ ಜೊತೆ ಒಂದು ಪಬ್‌ನಿಂದ ಹೊರಗೆ ಬಂದು ನಿಂತಿದ್ವಿ. ರಸ್ತೆ ಅಗೆದು ಕೆಲಸ ನಡೀತಿತ್ತು, ಹಳದಿ ಹೆಲ್ಮೆಟ್ಟು, ಹೊಳೆಯೋ ಪಟ್ಟಿ ಇರೋ ಜಾಕೆಟ್ಟು, ಆರೇಳು ಜನ. ನಾನು ನಿಂಗೆ ಜೋರಾಗಿ ಏನೋ ಬೈತಿದ್ದೆ. ಅವರಲ್ಲಿ ಒಬ್ಬ, ನಮ್ಮ ವಯಸ್ಸೇ ಇರ್ಬೇಕು, ಸಲಿಕೆ ನಿಲ್ಲಿಸಿ ಮುಖ ಅರಳಿಸ್ಕೊಂಡು ಕೇಳ್ದ, "ಸಾರ್, ಕನ್ನಡನಾ? ಯಾವೂರು ಸಾರ್? ನಂದು ಹೊಸೂರು."

ನಾನು ಇಂಗ್ಲಿಷಲ್ಲಿ "ಸಾರಿ?" ಅಂದೆ ಕಣೋ. ಅರ್ಥವಾಗದೇ ಇರೋನ ಥರ. ಅವನು ಕೇಳಿಸಿಲ್ಲವೇನೋ ಅಂತ ಇನ್ನೊಂದ್ಸಲ ಕೇಳ್ದ. ಪಕ್ಕದಲ್ಲಿದ್ದ ಆಫೀಸಿನೋನು ನಿಂಗೆ ಗೊತ್ತಾ ಇವನು ಅಂದ, ಇಲ್ಲ ಅಂದೆ. ಹೊಸೂರಿನೋನು ತಲೆ ಬಗ್ಗಿಸಿ ಕೆಲಸಕ್ಕೆ ಹೋದ. ಸ್ವಲ್ಪ ಹೊತ್ತು ಮುಂಚೆ ಪಬ್ ಒಳಗೆ ಟೇಬಲ್ಲಲ್ಲಿ ಯಾರೋ "ನಾವು ಎಕ್ಸ್‌ಪ್ಯಾಟ್‌ಗಳು" ಅಂತ ನನ್ನನ್ನೂ ಸೇರಿಸಿ ಹೇಳಿದ್ರು, ನಂಗೆ ಒಳಗೊಳಗೇ ಎಷ್ಟು ಖುಷಿಯಾಗಿತ್ತು ಗೊತ್ತಾ.

ಅವನಿಗೆ ಆ ಹೆಸರಿಲ್ಲ. ಅವನು ವರ್ಕರ್. ಅವನ ಕೈಲಿರೋದು ಕೂಲಿ ಕೆಲಸದೋರಿಗೆ ಕೊಡೋ ವರ್ಕ್ ಪರ್ಮಿಟ್, ನನ್ನದು ಆಫೀಸ್ ಕೆಲಸದೋರಿಗೆ ಕೊಡೋ ಎಂಪ್ಲಾಯ್‌ಮೆಂಟ್ ಪಾಸ್, ಕೆಲಸ ಹೋದ್ರೆ ಇಬ್ಬರೂ ಗಂಟು ಕಟ್ಬೇಕು. ಆದ್ರೆ ಅವನು ಹೆಂಡತಿ ಮಕ್ಕಳನ್ನ ಇಲ್ಲಿಗೆ ಕರೆಸ್ಕೊಳ್ಳೋ ಹಾಗಿಲ್ಲ. ಕುಡಿಯೋದ್ರಲ್ಲೂ ಅಷ್ಟೇ. 2013ರ ಡಿಸೆಂಬರ್ 8, ಭಾನುವಾರ, ಇಂಥ ಕೆಲಸಗಾರರು ರಜದ ದಿನ ಸೇರೋ ಲಿಟ್ಲ್ ಇಂಡಿಯಾದಲ್ಲಿ ತಮಿಳುನಾಡಿನ ಒಬ್ಬ ಕಟ್ಟಡ ಕೆಲಸಗಾರ ಬಸ್ಸಿನಡಿ ಸತ್ತ, ದೊಡ್ಡ ಗಲಾಟೆ ಆಯ್ತು. 2015ರಲ್ಲಿ ಕಾನೂನು ಬಂತು. ಊರಿಗೆಲ್ಲಾ ರಾತ್ರಿ ಹತ್ತೂವರೆ ಮೇಲೆ ಬೀದೀಲಿ ಕುಡಿಯೋ ಹಾಗಿಲ್ಲ, ಲಿಟ್ಲ್ ಇಂಡಿಯಾ ಮತ್ತೆ ಗೇಲಾಂಗ್‌ನಲ್ಲಿ ಶನಿವಾರ ಬೆಳಿಗ್ಗೆ ಏಳರಿಂದ ಸೋಮವಾರ ಬೆಳಿಗ್ಗೆ ಏಳರ ತನಕ ಬೀದೀಲಿ ಕುಡಿಯೋದೇ ಪೂರ್ತಿ ಬಂದ್. ಇಂಥೋರಿಗೆ ರಜ ಸಿಗೋದೇ ಭಾನುವಾರ. ಬಾರ್ ಒಳಗೆ ಕೂತ್ರೆ ಯಾರೂ ಕೇಳಲ್ಲ, ಕೂರೋಕೆ ದುಡ್ಡು ಬೇಕಲ್ಲ.

ನಮ್ಮಪ್ಪ ಬಾಂಬೇಲಿ ಗಾರೆ ಕೆಲಸ ಮಾಡಿದ್ದು ನಿಂಗೊಬ್ಬನಿಗೇ ಗೊತ್ತಿತ್ತು. ಅಲ್ಲಿಗೆ ಹೋದ ಮೊದಲ ದಿನ ದಾದರ್ ಸ್ಟೇಷನ್‌ನಲ್ಲಿ ಯಾರೋ ಅವರ ಮಾತು ಕೇಳಿ "ಯಾವೂರಪ್ಪ?" ಅಂದ್ರಂತೆ, ಆ ರಾತ್ರಿ ಊಟ, ಮಲಗೋಕೆ ಜಾಗ ಎರಡೂ ಸಿಕ್ತಂತೆ. ಎಷ್ಟು ಸಲ ಹೇಳಿದ್ರು ಆ ಕಥೆ ನಮ್ಮಿಬ್ಬರಿಗೂ, ಜಗಲಿ ಮೇಲೆ ಕೂತ್ಕೊಂಡು. ನೋಡು, ಇದನ್ನ ಬರಿಬೇಕು ಅಂತ ಇರ್ಲಿಲ್ಲ. ಬರೆದಾಯ್ತು, ಇರ್ಲಿ.

ಎರಡು ಶುಕ್ರವಾರ ಒಬ್ಬನೇ ಅದೇ ಜಾಗಕ್ಕೆ ಹೋದೆ. ಗುಂಡಿ ಮುಚ್ಚಿ ಡಾಂಬರು ಹಾಕಿ ಹೋಗಿದಾರೆ.

ಸರಿ, ನಿನ್ನ ಪ್ಲಾನಿಗೆ ಬರ್ತೀನಿ. ರಾಫಲ್ಸ್ ಹೋಟೆಲಿನ ಲಾಂಗ್ ಬಾರ್‌ಗೆ ಒಂದಿನ ಹೋಗ್ಲೇಬೇಕು. ಸಿಂಗಪುರ್ ಸ್ಲಿಂಗ್ ಅನ್ನೋ ಕಾಕ್‌ಟೇಲ್ ಹುಟ್ಟಿದ ಜಾಗ, 1915ರಲ್ಲಿ ಙಿಯಾಮ್ ಟೊಂಗ್ ಬೂನ್ ಅನ್ನೋರು ಮಾಡಿದ್ದು ಅಂತಾರೆ. ಟೇಬಲ್ ಮೇಲೆ ಕಡ್ಲೆಕಾಯಿ ಇಟ್ಟಿರ್ತಾರೆ, ಸಿಪ್ಪೆ ಅಲ್ಲೇ ನೆಲಕ್ಕೆ ಎಸೀಬಹುದು. ಕಸ ಹಾಕಿದ್ರೆ ದಂಡ ಹಾಕೋ ಊರಲ್ಲಿ ಕಣೋ! ನಿಂಗೋಸ್ಕರಾನೇ ಕಟ್ಟಿರೋ ಹಾಗಿದೆ. ಭಾನುವಾರ ಮಾತ್ರ ಪಬ್ ಬೇಡ, ಲಿಟ್ಲ್ ಇಂಡಿಯಾ ಕಡೆ ಹೋಗಿ ಟೀ ಕುಡಿಯಣ, ಜೋರಾಗಿ ಕನ್ನಡ ಮಾತಾಡ್ಕೊಂಡು ಓಡಾಡಣ, ಯಾರಾದ್ರೂ ಕೇಳ್ತಾರೇನೋ.

ಟಿಕೆಟ್ ಬುಕ್ ಮಾಡಿ ಸ್ಕ್ರೀನ್‌ಶಾಟ್ ಕಳ್ಸು. ಅಮ್ಮ ಕೊಡೋ ಚಟ್ನಿಪುಡಿ ತಗೊಂಡ್ ಬಾ. ಚಪ್ಪಲಿ ಹಾಕ್ಕೊಂಡೇ ಬಾ ಮಾರಾಯ, ಎರಡೂ ಕಾಲಿಗೆ.

ಇಂತಿ ನಿನ್ನ
ಮೂರನೇ ಬೆಂಚು